‘ಇತ್ತಂತೆ’ ಎಂಬಲ್ಲಿಂದ ‘ಇತ್ತು’ ಎಂಬಲ್ಲಿಗೆ: ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಕಥನ ಮತ್ತು ಸಂಸ್ಕೃತಿಯ ಅರಿವು

ಸಾರಾಂಶ

ಕನ್ನಡ ಮಾತನಾಡುವ ಮಗು ಶಾಲೆಗೆ ಬರುವ ವೇಳೆಗೆ ಕಥೆ ಹೇಳುವ ಒಂದು ವ್ಯಾಕರಣವನ್ನು ಮನೆಯಲ್ಲಿಯೇ ಕಲಿತಿರುತ್ತದೆ. ಕೇಳಿ ತಿಳಿದ ಸಂಗತಿಯನ್ನು ಗುರುತಿಸುವ ‘ಅಂತೆ’, ಘಟನೆಗಳನ್ನು ಪೋಣಿಸುವ ಕೃದಂತಾವ್ಯಯಗಳು, ಪ್ರಾಣಿಪಾತ್ರಗಳನ್ನು ನಂಟಿನೊಳಗೆ ತರುವ ಹೆಸರುಗಳು ಆ ವ್ಯಾಕರಣದ ಮೂರು ಮುಖ್ಯ ಅಂಗಗಳು. ಪ್ರಸ್ತುತ ಲೇಖನವು ಇವುಗಳ ಕಾರ್ಯವನ್ನು ವಿವರಿಸಿ, ತರಗತಿಯ ಕಥನ ಚಟುವಟಿಕೆ ಹಾಗೂ ಮೌಲ್ಯಮಾಪನಗಳು ಇವನ್ನು ದೋಷವೆಂದು ಓದುವ ಸಂದರ್ಭಗಳನ್ನು ಪರಿಶೀಲಿಸುತ್ತದೆ. ಕೇಳಿದ ಕಥೆ, ಕಂಡ ಚಿತ್ರ, ಅನುಭವಿಸಿದ ಘಟನೆ ಎಂಬ ಮೂರು ಬಗೆಯ ಕಥನಗಳನ್ನು ಬೇರೆಬೇರೆಯಾಗಿ ಸಂಗ್ರಹಿಸಿ ಓದಬೇಕೆಂಬುದು ನಮ್ಮ ವಾದ.

ಪ್ರಮುಖ ಪದಗಳು: ಮಕ್ಕಳ ಕಥನ, ಶ್ರುತಸೂಚಕ, ಕೃದಂತಾವ್ಯಯ, ಲಿಂಗಾನ್ವಯ, ಪ್ರಾಥಮಿಕ ಶಿಕ್ಷಣ, ಕನ್ನಡ

1. ಪ್ರವೇಶ

ಮೂರನೆಯ ತರಗತಿಯ ಮಗುವೊಂದಕ್ಕೆ ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಹೇಳೆಂದರೆ ಅದು (1)ರಂತೆ ಆರಂಭಿಸಬಹುದು. ಅದೇ ಕಥೆಯನ್ನು ಬರೆಯೆಂದರೆ (2)ರಂತೆ ಬರೆಯಬೇಕೆಂದು ಶಾಲೆ ನಿರೀಕ್ಷಿಸುತ್ತದೆ.

(1) ಒಂದೂರಲ್ಲಿ ಒಂದು ಕಾಗೆ ಇತ್ತಂತೆ, ಒಂದು ಗುಬ್ಬಿ ಇತ್ತಂತೆ.

(2) ಒಂದು ಊರಿನಲ್ಲಿ ಒಂದು ಕಾಗೆ ಮತ್ತು ಒಂದು ಗುಬ್ಬಿ ಇದ್ದವು.

ಇವೆರಡರ ನಡುವೆ ಮೂರು ವ್ಯತ್ಯಾಸಗಳಿವೆ. ‘ಊರಲ್ಲಿ’ ಎಂಬುದು ‘ಊರಿನಲ್ಲಿ’ ಎಂದಾಗಿದೆ. ಎರಡು ಬಾರಿ ಬಂದ ಕ್ರಿಯಾಪದ ‘ಮತ್ತು’ವಿನ ನೆರವಿನಿಂದ ಒಂದಾಗಿದೆ. ‘ಅಂತೆ’ ಕಾಣೆಯಾಗಿದೆ. ಮೊದಲ ಎರಡನ್ನು ಆಡುಮಾತಿಗೂ ಬರೆಹಕ್ಕೂ ಇರುವ ಅಂತರವೆಂದು ಒಪ್ಪಬಹುದು. ಮೂರನೆಯದನ್ನು ಹಾಗೆ ಒಪ್ಪಿ ಮುಂದೆ ಸಾಗಲಾಗದು. ‘ಅಂತೆ’ ಹೋದಾಗ, ಈ ಸಂಗತಿ ತನಗೆ ಹೇಗೆ ಗೊತ್ತಾಯಿತು ಎಂದು ಮಗು ಹೇಳುತ್ತಿದ್ದ ಮಾತೂ ಅದರೊಡನೆ ಹೋಗುತ್ತದೆ.

ಮಕ್ಕಳ ಕಥನವನ್ನು ಕುರಿತ ಶೈಕ್ಷಣಿಕ ಚರ್ಚೆಯಲ್ಲಿ ‘ಸಂಸ್ಕೃತಿ’ ಎಂಬ ಮಾತು ಸಾಮಾನ್ಯವಾಗಿ ಕಥೆಯ ವಸ್ತುವಿಗೆ ಅಂಟಿಕೊಂಡಿರುತ್ತದೆ: ಯಾವ ಹಬ್ಬ, ಯಾವ ಉಡುಪು, ಯಾವ ಊಟ, ಯಾವ ದೇವರು. ಈ ಲೇಖನದಲ್ಲಿ ನಾವು ಸಂಸ್ಕೃತಿಯನ್ನು ಅದಕ್ಕಿಂತ ಒಂದು ಪದರ ಕೆಳಗೆ, ಕಥೆಯ ವ್ಯಾಕರಣದಲ್ಲಿ ಹುಡುಕುತ್ತೇವೆ. ಯಾರ ಮಾತನ್ನು ಯಾರು ಹೊರುತ್ತಾರೆ, ಯಾವ ಘಟನೆ ಯಾವುದರೊಡನೆ ಸೇರಿ ಒಂದಾಗುತ್ತದೆ, ಯಾರು ಯಾರಿಗೆ ಏನಾಗಬೇಕು ಎಂಬ ತಿಳಿವಳಿಕೆ ಕ್ರಿಯಾಪದದ ತುದಿಯಲ್ಲಿಯೂ ಹೆಸರಿನ ತುದಿಯಲ್ಲಿಯೂ ಇರುತ್ತದೆ. ಮುಂದೆ ಬರುವ ಸಂಖ್ಯಾಂಕಿತ ಉದಾಹರಣೆಗಳು ವಿವರಣೆಗಾಗಿ ನಾವೇ ರಚಿಸಿದವು. ಅವನ್ನು ಸಂಗ್ರಹಿತ ದತ್ತಾಂಶವೆಂದು ಓದಬಾರದೆಂದು ಕೋರುತ್ತೇವೆ.

2. ಕಥನದ ಆಕಾರ ಮತ್ತು ಕೇಳುವವರ ನಿರೀಕ್ಷೆ

ವಿಲಿಯಂ ಲಬಾವ್ ಮತ್ತು ಜೋಶುವಾ ವಾಲೆಟ್ಸ್ಕಿ 1967ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯು ಸ್ವಾನುಭವದ ಕಥನವನ್ನು ಸನ್ನಿವೇಶದ ಪರಿಚಯ, ತೊಡಕು, ಮೌಲ್ಯೀಕರಣ, ಪರಿಹಾರ, ಮುಕ್ತಾಯ ಎಂಬ ಭಾಗಗಳಾಗಿ ಬಿಡಿಸಿತು. ಇವುಗಳಲ್ಲಿ ನಮ್ಮ ಚರ್ಚೆಗೆ ಹೆಚ್ಚು ಬೇಕಾದದ್ದು ಮೌಲ್ಯೀಕರಣ. ‘ಇದನ್ನು ಏಕೆ ಹೇಳುತ್ತಿದ್ದೀಯೆ?’ ಎಂಬ, ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆಗೆ ಕಥನಕಾರನು ಕೊಡುವ ಉತ್ತರವದು. ಘಟನೆಗಳ ಕ್ರಮ ಸರಿಯಿದ್ದೂ ಮೌಲ್ಯೀಕರಣವಿಲ್ಲದ ಕಥನವು ಬರಿಯ ವರದಿಯಾಗಿ ಉಳಿಯುತ್ತದೆ.

ಆದರೆ ಕಥೆಯೊಂದು ‘ಸರಿಯಾಗಿದೆ’ ಎಂಬ ತೀರ್ಪು ಹೇಳುವವರ ಕೈಯಲ್ಲಿ ಮಾತ್ರ ಇರುವುದಿಲ್ಲ. ಸಾರಾ ಮೈಕೇಲ್ಸ್ ಅವರು 1981ರಲ್ಲಿ ಅಮೆರಿಕದ ಒಂದನೆಯ ತರಗತಿಯೊಂದರ ‘ಹಂಚಿಕೊಳ್ಳುವ ವೇಳೆ’ಯನ್ನು ಕುರಿತು ಬರೆದ ಲೇಖನ ಇದನ್ನು ಸ್ಪಷ್ಟಪಡಿಸಿತು. ಅಲ್ಲಿನ ಬಿಳಿಯ ಮಕ್ಕಳು ಹೆಚ್ಚಾಗಿ ಒಂದೇ ವಿಷಯವನ್ನು ಹಿಡಿದು ನೇರವಾಗಿ ಹೇಳುತ್ತಿದ್ದರು. ಕರಿಯ ಮಕ್ಕಳಲ್ಲಿ ಹಲವರು ಒಂದು ಪ್ರಸಂಗದಿಂದ ಇನ್ನೊಂದಕ್ಕೆ ದಾಟುತ್ತ, ಅವುಗಳ ನಂಟನ್ನು ಬಾಯಿಬಿಟ್ಟು ಹೇಳದೆ, ಧ್ವನಿಯ ಏರಿಳಿತದಿಂದ ಸೂಚಿಸುತ್ತಿದ್ದರು. ಶಿಕ್ಷಕಿಯ ಪ್ರಶ್ನೆಗಳು ಮೊದಲ ಬಗೆಯ ಕಥೆಗೆ ಆಸರೆಯಾದವು. ಎರಡನೆಯ ಬಗೆಯ ಕಥೆಯನ್ನು ನಡುವೆ ಕತ್ತರಿಸಿದವು. ಅನಂತರ ಕೋರ್ಟ್ನಿ ಕ್ಯಾಜ್ಡೆನ್ ಅವರೊಡನೆ ಸೇರಿ ಇಂತಹ ಕಥೆಗಳನ್ನು ವಯಸ್ಕರಿಗೆ ಕೇಳಿಸಿದಾಗ, ಪ್ರಸಂಗದಿಂದ ಪ್ರಸಂಗಕ್ಕೆ ದಾಟುವ ಕಥೆಗಳನ್ನು ಬಿಳಿಯ ಕೇಳುಗರು ಅಸಂಬದ್ಧವೆಂದು ಕಡೆಗಣಿಸಿದರು. ಕರಿಯ ಕೇಳುಗರು ಅವನ್ನು ಮೆಚ್ಚಿದರು. ಜೇಮ್ಸ್ ಪಾಲ್ ಜೀ 1985ರಲ್ಲಿ ಇದೇ ಬಗೆಯ ಕಥನವೊಂದನ್ನು ಸಾಲು ಮತ್ತು ಪದ್ಯಗಳಾಗಿ ಬಿಡಿಸಿ ಅದರ ಬಿಗಿಯಾದ ಕಟ್ಟನ್ನು ತೋರಿಸಿದರು.

ಶರ್ಲಿ ಬ್ರೈಸ್ ಹೀತ್ ಅವರ 1983ರ ಅಧ್ಯಯನವು ಇನ್ನೊಂದು ಬಗೆಯ ವ್ಯತ್ಯಾಸವನ್ನು ದಾಖಲಿಸಿತು. ಅಮೆರಿಕದ ಆಗ್ನೇಯ ಭಾಗದ ಎರಡು ದುಡಿಯುವ ವರ್ಗದ ಸಮುದಾಯಗಳಲ್ಲಿ ಒಂದಕ್ಕೆ ಕಥೆಯೆಂದರೆ ನಡೆದದ್ದನ್ನು ನಡೆದಂತೆಯೇ ಹೇಳಿ ಕೊನೆಗೆ ಪಾಠ ತೆಗೆಯುವುದು. ಇನ್ನೊಂದಕ್ಕೆ ನಡೆದದ್ದನ್ನು ಬೆಳೆಸಿ, ಬಣ್ಣಕಟ್ಟಿ, ಕೇಳುವವರನ್ನು ಗೆಲ್ಲುವುದೇ ಕಥೆ. ಮೊದಲನೆಯವರ ದೃಷ್ಟಿಯಲ್ಲಿ ಎರಡನೆಯದು ಸುಳ್ಳು.

ಈ ಫಲಿತಾಂಶಗಳನ್ನು ಕರ್ನಾಟಕದ ಜಾತಿ, ಪ್ರದೇಶ, ವರ್ಗಗಳ ಮೇಲೆ ಹಾಗೆಯೇ ಹೊದಿಸುವುದು ಸಲ್ಲದು. ‘ಗ್ರಾಮೀಣ ಮಗುವಿನ ಶೈಲಿ’, ‘ನಗರದ ಮಗುವಿನ ಶೈಲಿ’ ಎಂಬ ಹಣೆಪಟ್ಟಿಗಳನ್ನು ದತ್ತಾಂಶವಿಲ್ಲದೆ ಹಚ್ಚಿದರೆ, ಹಳೆಯ ತಪ್ಪನ್ನು ಹೊಸ ಪರಿಭಾಷೆಯಲ್ಲಿ ಮಾಡಿದಂತಾಗುತ್ತದೆ. ಅಲ್ಲಿಂದ ನಾವು ತರಬಹುದಾದದ್ದು ಒಂದು ಪ್ರಶ್ನೆಯನ್ನು ಮಾತ್ರ: ಕೇಳುವವರು ಯಾವ ವ್ಯಾಕರಣವನ್ನು ನಿರೀಕ್ಷಿಸಿ ಕುಳಿತಿದ್ದಾರೆ, ಹೇಳುವ ಮಗು ಯಾವ ವ್ಯಾಕರಣದಲ್ಲಿ ಹೇಳುತ್ತಿದೆ? ಈ ಪ್ರಶ್ನೆಗೆ ಉತ್ತರವನ್ನು ಕನ್ನಡದ ರಚನೆಯಲ್ಲಿಯೇ ಹುಡುಕಬೇಕು.

3. ‘ಅಂತೆ’: ಮಾತಿನ ಹೊಣೆ

ಕನ್ನಡದ ‘ಅಂತೆ’ಯನ್ನು ನಾವು ಇಲ್ಲಿ ಶ್ರುತಸೂಚಕ ಎಂದು ಕರೆಯುತ್ತೇವೆ. ಹೇಳುತ್ತಿರುವ ಸಂಗತಿಯು ಬೇರೊಬ್ಬರ ಮಾತಿನಿಂದ ಬಂದದ್ದೆಂದು ಇದು ಸೂಚಿಸುತ್ತದೆ. ಇದನ್ನು ‘ಹುಲಿಯಂತೆ ಗರ್ಜಿಸಿದ’, ‘ಹೇಳಿದಂತೆ ಮಾಡಿದ’ ಎಂಬಲ್ಲಿನ ಹೋಲಿಕೆಯ ‘ಅಂತೆ’ಯಿಂದ ಬೇರ್ಪಡಿಸಬೇಕು. ‘ಅದು ಹುಲಿಯಂತೆ’ ಎಂಬ ವಾಕ್ಯ ಬರೆಹದಲ್ಲಿ ಎರಡು ಅರ್ಥ ಕೊಡುತ್ತದೆ: ಅದು ಹುಲಿಯ ಹಾಗಿದೆ ಎಂಬುದು ಒಂದು, ಅದು ಹುಲಿಯೆಂದು ಯಾರೋ ಹೇಳಿದ್ದಾರೆ ಎಂಬುದು ಇನ್ನೊಂದು. ‘ಬರ್ತೀನಿ ಅಂತ ಹೇಳಿದ’ ಎಂಬಲ್ಲಿನ ‘ಅಂತ’ ಮೂರನೆಯದು. ಅದು ‘ಎಂದು’ ಎಂಬುದರ ಆಡುಮಾತಿನ ಸಮಾನ. ಅಲ್ಲಿ ಹೇಳಿದವರು ಯಾರೆಂಬುದು ವಾಕ್ಯದಲ್ಲಿಯೇ ಇರುತ್ತದೆ. ಶ್ರುತಸೂಚಕದಲ್ಲಿ ಹೇಳಿದವರನ್ನು ಹೆಸರಿಸುವ ಅಗತ್ಯವಿಲ್ಲ.

ಇದರ ವಾಕ್ಯರಚನಾ ಸ್ಥಾನ ಗಮನಾರ್ಹ. ಕಾಲಸೂಚಕ, ಪುರುಷ-ಲಿಂಗ-ವಚನ ಪ್ರತ್ಯಯಗಳೆಲ್ಲ ಮುಗಿದ ಮೇಲೆ ಅದು ಪೂರ್ಣಕ್ರಿಯಾಪದದ ತುದಿಗೆ ಬಂದು ಸೇರುತ್ತದೆ: ಬಂದಳು, ಬಂದಳಂತೆ. ನಿಷೇಧವು ಇದನ್ನು ಮುಟ್ಟುವುದಿಲ್ಲ. ‘ಬರಲಿಲ್ಲವಂತೆ’ ಎಂದರೆ ಬರಲಿಲ್ಲವೆಂದು ಕೇಳಿದ್ದೇವೆ ಎಂದರ್ಥ, ಬಂದಳೆಂದು ಕೇಳಿಲ್ಲ ಎಂದಲ್ಲ. ಕೃದಂತಾವ್ಯಯಕ್ಕೆ ಇದು ಹತ್ತುವುದಿಲ್ಲ; ‘ಹೋಗಿಯಂತೆ’ ಎಂಬ ರೂಪವಿಲ್ಲ. ಆದ್ದರಿಂದ ಉದ್ದದ ವಾಕ್ಯದ ಕೊನೆಯಲ್ಲಿ ಒಮ್ಮೆ ಬಂದ ‘ಅಂತೆ’ ಅದಕ್ಕೆ ಮುಂಚಿನ ಘಟನೆಗಳನ್ನೆಲ್ಲ ಆವರಿಸುತ್ತದೆ.

ಮಗುವಿನ ದೈನಂದಿನ ಮಾತಿನಲ್ಲಿ ಈ ರೂಪ ಅಜ್ಜಿಕಥೆಗೆ ಸೀಮಿತವಲ್ಲ. (3) ಮತ್ತು (4)ನ್ನು ಗಮನಿಸಬಹುದು.

(3) ನಾನು ಚಿಕ್ಕವಳಿದ್ದಾಗ ರಾತ್ರಿಯೆಲ್ಲ ಅಳ್ತಿದ್ನಂತೆ.

(4) ನಮ್ಮೂರ ಕೆರೆ ಮೊದಲು ತುಂಬಿ ಹರೀತಿತ್ತಂತೆ. ನಾನು ನೋಡಿದಾಗಿಂದ ತುಂಬಿಲ್ಲ.

(3)ರಲ್ಲಿ ಉತ್ತಮಪುರುಷದ ಕ್ರಿಯಾಪದಕ್ಕೆ ‘ಅಂತೆ’ ಸೇರಿದೆ. ತನ್ನದೇ ಬದುಕಿನ, ಆದರೆ ತನ್ನ ನೆನಪಿನಲ್ಲಿಲ್ಲದ ಭಾಗವನ್ನು ಮಗು ತಾಯಿಯ ಮಾತಿನಿಂದ ಪಡೆದು ಹೇಳುತ್ತಿದೆ. (4)ರಲ್ಲಿ ಊರಿನ ಇತಿಹಾಸವನ್ನೂ ತನ್ನ ಕಣ್ಣಿನ ಸಾಕ್ಷ್ಯವನ್ನೂ ಎರಡು ಬೇರೆ ಕ್ರಿಯಾರೂಪಗಳಿಂದ ಬೇರ್ಪಡಿಸಿದೆ. ಇತಿಹಾಸದ ಪಾಠವೂ ವಿಜ್ಞಾನದ ಪಾಠವೂ ಮುಂದೆ ಕಷ್ಟಪಟ್ಟು ಕಲಿಸಬಯಸುವ ವಿವೇಕ ಇದೇ: ಕೇಳಿದ್ದು ಯಾವುದು, ಕಂಡದ್ದು ಯಾವುದು?

ಕಥೆಯಲ್ಲಿ ‘ಅಂತೆ’ಗೆ ಇನ್ನೊಂದು ಕೆಲಸವೂ ಇದೆ. ‘ಇತ್ತಂತೆ’ ಎಂದೊಡನೆ ಕೇಳುವವರು ಕಥೆಯ ಲೋಕವನ್ನು ಹೊಕ್ಕು, ಕಾಗೆ ಮಾತನಾಡಿದರೂ ಪ್ರಶ್ನಿಸದೆ ಮುಂದುವರಿಯಲು ಸಿದ್ಧರಾಗುತ್ತಾರೆ. ತುರ್ಕಿ ಭಾಷೆಯ ‘ಮಿಶ್’ ಪ್ರತ್ಯಯವೂ ಕೇಳಿ ತಿಳಿದ ಸಂಗತಿಗೂ ಜನಪದ ಕಥೆಯ ನಿರೂಪಣೆಗೂ ಬಳಕೆಯಾಗುತ್ತದೆ. ಆಯ್ಹಾನ್ ಅಕ್ಸು-ಕೋಚ್ ಅವರ 1988ರ ಅಧ್ಯಯನದಿಂದ ಮೊದಲಾಗಿ ಆ ಭಾಷೆಯ ಮಕ್ಕಳು ಇದನ್ನು ಕಲಿಯುವ ಬಗೆ ಚರ್ಚೆಯಲ್ಲಿದೆ. ನಮ್ಮ ನೆರೆಯಲ್ಲಿಯೂ ಇಂತಹ ರೂಪಗಳು ಹೇರಳ: ತೆಲುಗಿನ ‘ಅಟ’, ತಮಿಳಿನ ‘ಆಮ್’, ಮರಾಠಿಯ ‘ಮ್ಹಣೆ’, ದಖನಿ ಉರ್ದುವಿನ ‘ಕತೆ’. ಮನೆಯಲ್ಲಿ ಈ ಭಾಷೆಗಳನ್ನಾಡಿ ಕನ್ನಡ ಶಾಲೆಗೆ ಬರುವ ಮಗುವಿಗೆ ‘ಅಂತೆ’ಯ ರೂಪ ಹೊಸದಾಗಿರಬಹುದು, ಅದರ ಹಿಂದಿನ ವಿವೇಕ ಹೊಸದಲ್ಲ.

ಹೀಗಿರುವಾಗ ಶಿಕ್ಷಕರು ಮಗುವಿನ ಬರೆಹದಲ್ಲಿನ ‘ಇತ್ತಂತೆ’ಯನ್ನು ಆಡುಮಾತಿನ ದೋಷವೆಂದು ಹೊಡೆದುಹಾಕಿದರೆ ಏನಾಗುತ್ತದೆ? ಮುದ್ರಿತ ಕಥೆಯ ನಿರೂಪಕ ಎಲ್ಲವನ್ನೂ ತಾನೇ ಬಲ್ಲವನಂತೆ ‘ಇತ್ತು’ ಎನ್ನುತ್ತಾನೆ. ಆ ಧ್ವನಿಯನ್ನು ಮಗು ಕಲಿಯಲೇಬೇಕು; ಬರೆಹದ ಸಂಪ್ರದಾಯವದು. ಆದರೆ ಒಂದು ಧ್ವನಿಯಿಂದ ಇನ್ನೊಂದಕ್ಕೆ ದಾಟುತ್ತಿದ್ದೇನೆ ಎಂಬ ಅರಿವಿಲ್ಲದೆ ಕಲಿತರೆ, ತನ್ನ ಹಳೆಯ ರೂಪ ತಪ್ಪಾಗಿತ್ತೆಂದು ಅದು ತಿಳಿಯುತ್ತದೆ. ಅಜ್ಜಿಯ ಮಾತಿನ ಹೊಣೆಯನ್ನು ಅಜ್ಜಿಗೇ ಸಲ್ಲಿಸುತ್ತಿದ್ದ ಎಚ್ಚರವು ‘ಅಶುದ್ಧ ಕನ್ನಡ’ದ ಪಟ್ಟಿಗೆ ಸೇರುತ್ತದೆ.

4. ಒಂದು ಕ್ರಿಯಾಪದ, ನಾಲ್ಕು ಘಟನೆ

ಎರಡನೆಯ ಅಂಗ ಘಟನೆಗಳ ಜೋಡಣೆ.

(5) ಕಾಗಕ್ಕ ಮಳೇಲಿ ನೆಂದು, ಗಡಗಡ ನಡುಗಿ, ಗುಬ್ಬಕ್ಕನ ಮನೆ ಹತ್ರ ಬಂದು, ಬಾಗಿಲು ತಟ್ಟಿದ್ಲಂತೆ. ತಟ್ಟಿದ್ರೆ ಗುಬ್ಬಕ್ಕ ಬಾಗಿಲು ತೆಗೀಲೇ ಇಲ್ವಂತೆ.

ಮೊದಲ ವಾಕ್ಯದಲ್ಲಿ ನಾಲ್ಕು ಘಟನೆಗಳಿವೆ, ಪೂರ್ಣಕ್ರಿಯಾಪದ ಒಂದೇ. ನೆಂದು, ನಡುಗಿ, ಬಂದು ಎಂಬ ಕೃದಂತಾವ್ಯಯಗಳು ತಮ್ಮ ಕರ್ತೃವನ್ನೂ ‘ಅಂತೆ’ಯ ವ್ಯಾಪ್ತಿಯನ್ನೂ ಕೊನೆಯ ‘ತಟ್ಟಿದ್ಲಂತೆ’ಯಿಂದ ಪಡೆಯುತ್ತವೆ. ಸಾಮಾನ್ಯವಾಗಿ ಇಂತಹ ಸರಪಳಿಯಲ್ಲಿ ಕರ್ತೃ ಒಂದೇ ಇರಬೇಕು. ಕರ್ತೃ ಬದಲಾಗುವಲ್ಲಿ ಮಗು ಸರಪಳಿಯನ್ನು ಮುಗಿಸಿ, ಹಿಂದಿನ ಕ್ರಿಯೆಯನ್ನೇ ‘ತಟ್ಟಿದ್ರೆ’ ಎಂದು ಮತ್ತೆ ಎತ್ತಿಕೊಂಡು, ಗುಬ್ಬಕ್ಕನನ್ನು ಹೆಸರಿಸಿ ಮುಂದುವರಿದಿದೆ. ಇಲ್ಲಿನ ‘-ದ್ರೆ’ ರೂಪದಲ್ಲಿ ಷರತ್ತಿನ ಅರ್ಥವಿಲ್ಲ. ನಿರೀಕ್ಷಿಸಿದ್ದೊಂದು, ಎದುರಾದದ್ದೊಂದು ಎಂಬ ತಿರುವು ಅದರಲ್ಲಿದೆ. ಹಾಗೆಂದು ಕರ್ತೃ ಬದಲಾದಲ್ಲೆಲ್ಲ ಸರಪಳಿ ಕಡಿಯಲೇಬೇಕೆಂದಿಲ್ಲ. ‘ಮಳೆ ಬಂದು ಮನೆ ಕೊಚ್ಚಿಹೋಯ್ತಂತೆ’ ಎಂಬಲ್ಲಿ ಕರ್ತೃಗಳು ಬೇರೆಯಾದರೂ ಕಾರಣ-ಕಾರ್ಯ ಸಂಬಂಧ ಅವುಗಳನ್ನು ಒಂದೇ ವಾಕ್ಯದಲ್ಲಿ ಹಿಡಿದಿಡುತ್ತದೆ. ಎಲ್ಲಿ ಪೋಣಿಸಬೇಕು, ಎಲ್ಲಿ ಗಂಟು ಹಾಕಬೇಕು ಎಂಬ ಈ ಆಯ್ಕೆಯೇ ಕಥನದ ಸುಸಂಬದ್ಧತೆ.

ಇದಕ್ಕೆ ಮೌಲ್ಯೀಕರಣದ ಸಾಧನಗಳೂ ಸೇರುತ್ತವೆ. ‘ಗಡಗಡ’ದಂತಹ ಅನುಕರಣಾವ್ಯಯ, ‘ತೆಗೀಲೇ ಇಲ್ಲ’ ಎಂಬಲ್ಲಿನ ಒತ್ತಿನ ‘ಏ’, ‘ಕೊಚ್ಚಿಹೋಯ್ತು’, ‘ತಿಂದುಬಿಟ್ಟ’ ಎಂಬಲ್ಲಿನ ಸಹಾಯಕ ಕ್ರಿಯಾಪದ ಇವೆಲ್ಲ ಘಟನೆಯನ್ನು ಹೇಳುತ್ತಲೇ ಅದರ ಬಗೆಗಿನ ನಿಲುವನ್ನೂ ಹೇಳುತ್ತವೆ. ‘ಮನೆ ಹೋಯ್ತು’ ಮತ್ತು ‘ಮನೆ ಕೊಚ್ಚಿಹೋಯ್ತು’ ಎಂಬವುಗಳ ನಡುವಿನ ಅಂತರವನ್ನು ಕನ್ನಡ ಬಲ್ಲ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಮೌಲ್ಯಮಾಪನದಲ್ಲಿ ತೊಂದರೆ ಎರಡು ಕಡೆಯಿಂದ ಬರುತ್ತದೆ. ಇಂಗ್ಲಿಷ್ ಕಥನಗಳಿಗಾಗಿ ರೂಪುಗೊಂಡ ಅಳತೆಗಳು ಪೂರ್ಣವಾಕ್ಯಗಳನ್ನೂ ಸಂಯೋಜಕ ಅವ್ಯಯಗಳನ್ನೂ ಎಣಿಸುತ್ತವೆ. (5)ರ ಮೊದಲ ವಾಕ್ಯವನ್ನು ಪೂರ್ಣಕ್ರಿಯಾಪದದ ಲೆಕ್ಕದಲ್ಲಿ ಅಳೆದರೆ ಮಗು ಹೇಳಿದ್ದು ಒಂದೇ ಘಟನೆ. ಸಂಯೋಜಕಗಳ ಲೆಕ್ಕದಲ್ಲಿ ಅದರ ಸಾಧನೆ ಸೊನ್ನೆ. ಇನ್ನೊಂದು ಕಡೆ, ‘ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಬರೆ’ ಎಂಬ ತರಗತಿಯ ಸಲಹೆ ಸರಪಳಿಯನ್ನು ತುಂಡರಿಸುತ್ತದೆ: ‘ಕಾಗಕ್ಕ ನೆನೆದಳು. ಕಾಗಕ್ಕ ನಡುಗಿದಳು. ಕಾಗಕ್ಕ ಬಂದಳು.’ ವಾಕ್ಯಗಳ ಸಂಖ್ಯೆ ಹೆಚ್ಚಿತು, ಕಥನ ಕುಸಿಯಿತು. ಕನ್ನಡದ ಮಕ್ಕಳ ಕಥನವನ್ನು ಅಳೆಯುವವರು ಘಟನೆಗಳ ಸಂಖ್ಯೆ, ಸರಪಳಿಯ ಉದ್ದ, ಕರ್ತೃ ಬದಲಾಗುವಲ್ಲಿ ಬಳಸಿದ ಸಾಧನ ಎಂಬ ಮೂರನ್ನಾದರೂ ಪ್ರತ್ಯೇಕವಾಗಿ ದಾಖಲಿಸಬೇಕೆಂದು ನಾವು ಸೂಚಿಸುತ್ತೇವೆ.

5. ಕಾಗೆ ಮತ್ತು ಕಾಗಕ್ಕ: ನಂಟಿನ ವ್ಯಾಕರಣ

ಈ ಕಥೆ ಹಲವು ಪಾಠಗಳಲ್ಲಿ ಪ್ರಚಲಿತ. ಮನೆ ಕಟ್ಟಿದ ವಸ್ತು ಊರಿಂದೂರಿಗೆ ಬದಲಾಗುತ್ತದೆ. ಕಾಗೆಯ ಮನೆ ನಿಲ್ಲದಂಥದ್ದು, ಗುಬ್ಬಿಯದು ನಿಲ್ಲುವಂಥದ್ದು ಎಂಬುದು ಸ್ಥಿರ. ಮಳೆಗೆ ಮನೆ ಕಳೆದುಕೊಂಡ ಕಾಗೆ ಗುಬ್ಬಿಯ ಬಾಗಿಲು ತಟ್ಟುತ್ತದೆ. ಗುಬ್ಬಿ ಒಂದಾದ ಮೇಲೊಂದು ಮನೆಗೆಲಸದ ನೆಪ ಹೇಳಿ ಕಾಯಿಸುತ್ತದೆ.

ಕನ್ನಡದಲ್ಲಿ ಪ್ರಾಣಿವಾಚಕಗಳು ನಪುಂಸಕಲಿಂಗದವು: ಕಾಗೆ ಬಂತು, ಗುಬ್ಬಿ ಹಾರಿತು. ಅವುಗಳಿಗೆ ‘ಅಕ್ಕ’ ಸೇರಿದೊಡನೆ ಕ್ರಿಯಾಪದ ಬದಲಾಗುತ್ತದೆ: ಕಾಗಕ್ಕ ಬಂದಳು. ನರಿಯಣ್ಣ, ಹುಲಿರಾಯ ಎಂಬಲ್ಲಿಯೂ ಹೀಗೆಯೇ ಪುಲ್ಲಿಂಗ ಒದಗುತ್ತದೆ. ಒಂದೇ ಕಥೆಯೊಳಗೆ ಮಗುವೊಂದು (6)ರಂತೆ ಎರಡನ್ನೂ ಬಳಸಬಹುದು.

(6) ಕಾಗೆ ಮನೆ ಕಟ್ತಂತೆ. ಮಳೆ ಬಂತಂತೆ. ಮನೆ ಕೊಚ್ಚಿಹೋಯ್ತಂತೆ. ಆಗ ಕಾಗಕ್ಕ ಅಳ್ತಾ ಅಳ್ತಾ ಬಂದ್ಲಂತೆ.

ಕೆಂಪು ಶಾಯಿ ಇದನ್ನು ‘ಲಿಂಗದೋಷ’ವೆಂದು ಗುರುತಿಸಬಹುದು. ಆದರೆ ಪ್ರತಿ ಕ್ರಿಯಾಪದವೂ ತನ್ನ ಕರ್ತೃಪದಕ್ಕೆ ಸರಿಯಾಗಿಯೇ ಹೊಂದಿಕೊಂಡಿದೆ. ಬದಲಾದದ್ದು ಅನ್ವಯವಲ್ಲ, ನೋಟ. ಮನೆ ಕಟ್ಟುವಾಗ ಕಾಗೆ ಹಕ್ಕಿಯಾಗಿತ್ತು. ಅಳುವಾಗ ಅವಳು ನೆರೆಮನೆಯ ಅಕ್ಕನಾದಳು. ಹೆಸರಿನ ಆಯ್ಕೆಯಲ್ಲಿಯೇ ಮಗುವಿನ ಸಹಾನುಭೂತಿ ವ್ಯಕ್ತವಾಗಿದೆ. ಇದರೊಂದಿಗೆ ಒಂದು ತೊಡಕೂ ಹುಟ್ಟುತ್ತದೆ. ಕಾಗಕ್ಕ, ಗುಬ್ಬಕ್ಕ ಇಬ್ಬರೂ ಸ್ತ್ರೀಲಿಂಗವಾದ್ದರಿಂದ ‘ಬಂದ್ಲು’, ‘ಅಂದ್ಲು’ ಎಂಬ ಪ್ರತ್ಯಯಗಳಿಂದ ಯಾರು ಬಂದದ್ದು, ಯಾರು ಅಂದದ್ದು ಎಂದು ತಿಳಿಯದು. ಹೆಸರನ್ನು ಮತ್ತೆ ಮತ್ತೆ ಹೇಳುವುದು, ಕರೆಯುವ ಮಾತನ್ನು ಸಂಭಾಷಣೆಯಲ್ಲಿ ಸೇರಿಸುವುದು, ಧ್ವನಿ ಬದಲಿಸುವುದು ಇವು ಆ ತೊಡಕಿಗೆ ಮೌಖಿಕ ಪರಂಪರೆ ಕಂಡುಕೊಂಡ ಪರಿಹಾರಗಳು. ಬರೆಹಕ್ಕೆ ಬಂದಾಗ ಧ್ವನಿಯ ನೆರವು ತಪ್ಪುತ್ತದೆ. ಶಿಕ್ಷಕರ ಸಹಾಯ ಮಗುವಿಗೆ ನಿಜವಾಗಿ ಬೇಕಾಗುವುದು ಈ ಹಂತದಲ್ಲಿ.

‘ಅಕ್ಕ’ ಎಂಬುದು ಲಿಂಗವನ್ನಷ್ಟೇ ಅಲ್ಲ, ಹೊಣೆಯನ್ನೂ ತರುತ್ತದೆ. ಕಥೆಯ ಬಿಕ್ಕಟ್ಟು ಅಲ್ಲಿಯೇ ಇದೆ: ಅಕ್ಕನೆಂದು ಕರೆಸಿಕೊಂಡವಳು ಮಳೆಯಲ್ಲಿ ನಿಂತಿದ್ದಾಳೆ, ಅಕ್ಕನೆಂದು ಕರೆಸಿಕೊಂಡವಳೇ ಬಾಗಿಲು ತೆಗೆಯುತ್ತಿಲ್ಲ. ಕಥೆ ಮುಗಿದೊಡನೆ ತರಗತಿಯಲ್ಲಿ ಬರುವ ಪ್ರಶ್ನೆ ‘ಇದರ ನೀತಿ ಏನು?’ ಎಂಬುದು. ನಿರೀಕ್ಷಿತ ಉತ್ತರ ‘ಗಟ್ಟಿಯಾದ ಮನೆ ಕಟ್ಟಬೇಕು’ ಅಥವಾ ‘ಮುಂದಾಲೋಚನೆ ಇರಬೇಕು’. ಮಗುವೊಂದು ‘ಗುಬ್ಬಕ್ಕ ಬಾಗಿಲು ತೆಗೀಬೇಕಿತ್ತು’ ಎಂದರೆ ಆ ಉತ್ತರಕ್ಕೆ ಅಂಕವಿಲ್ಲದಿರಬಹುದು. ಆದರೆ ನಂಟಿನ ಹೆಸರು ಹೊರಿಸುವ ಹೊಣೆಯನ್ನು ಗ್ರಹಿಸಿದ ಉತ್ತರ ಅದು. ಮಳೆಗೆ ಸೋರುವ ಮನೆಯ ಮಗುವಿಗೆ ಮೊದಲ ನೀತಿ ಯಾರ ಬಾಯಿಂದ ಬಂದ ಮಾತಾಗಿ ಕೇಳಿಸೀತು ಎಂಬುದನ್ನೂ ಯೋಚಿಸಬೇಕು.

ನೀತಿಯನ್ನು ಕೇಳುವುದೇ ಪರಕೀಯವೆಂದು ನಾವು ಹೇಳುತ್ತಿಲ್ಲ. 11ನೆಯ ಶತಮಾನದ ದುರ್ಗಸಿಂಹನು ವಸುಭಾಗಭಟ್ಟನ ಪಾಠವನ್ನು ಅನುಸರಿಸಿ ಪಂಚತಂತ್ರವನ್ನು ಕನ್ನಡಕ್ಕೆ ತಂದ ಕಾಲದಿಂದಲೂ ನೀತಿಕಥೆ ನಮ್ಮದೇ ಆಗಿದೆ. ಆದರೆ ಪಂಚತಂತ್ರದಲ್ಲಿ ಪಾತ್ರಗಳು ತಮ್ಮ ವಾದಕ್ಕಾಗಿ ಕಥೆ ಹೇಳುತ್ತವೆ, ಇನ್ನೊಂದು ಪಾತ್ರ ಇನ್ನೊಂದು ಕಥೆಯಿಂದ ಅದಕ್ಕೆ ಎದುರು ನಿಲ್ಲುತ್ತದೆ. ನೀತಿ ಅಲ್ಲಿ ವಾಗ್ವಾದದ ವಸ್ತು. ತರಗತಿಯಲ್ಲಿ ಉಳಿದದ್ದು ಒಂದೇ ಸಾಲಿನ ಸರಿಯುತ್ತರ.

6. ಚಿತ್ರ ಕಂಡು ಹೇಳುವ ಕಥೆ

ಮಕ್ಕಳ ಕಥನವನ್ನು ಭಾಷೆಯಿಂದ ಭಾಷೆಗೆ ಹೋಲಿಸಲು ಹೆಚ್ಚು ಬಳಕೆಯಾದ ಸಾಧನ, ಮರ್ಸರ್ ಮೇಯರ್ ಅವರು 1969ರಲ್ಲಿ ಪ್ರಕಟಿಸಿದ, ಮಾತಿಲ್ಲದ ಕಪ್ಪೆಯ ಚಿತ್ರಕಥೆ. ರೂತ್ ಬರ್ಮನ್ ಮತ್ತು ಡ್ಯಾನ್ ಸ್ಲೋಬಿನ್ ಅವರ 1994ರ ಗ್ರಂಥವು ಇದರ ಮೂಲಕ ಇಂಗ್ಲಿಷ್, ಜರ್ಮನ್, ಸ್ಪ್ಯಾನಿಷ್, ಹೀಬ್ರೂ, ತುರ್ಕಿ ಭಾಷೆಗಳ ಕಥನಗಳನ್ನು ಹೋಲಿಸಿತು. ಒಂದೇ ಚಿತ್ರಮಾಲೆಯನ್ನು ಎಲ್ಲರಿಗೂ ತೋರಿಸುವುದರಿಂದ ವಸ್ತು ಸ್ಥಿರವಾಗಿರುತ್ತದೆ, ಭಾಷೆಯ ಪಾತ್ರವಷ್ಟೇ ಎದ್ದು ಕಾಣುತ್ತದೆ ಎಂಬುದು ಈ ವಿಧಾನದ ಬಲ.

ಕನ್ನಡದ ಮಟ್ಟಿಗೆ ಇದರ ಮಿತಿಯನ್ನೂ ನೆನೆಯಬೇಕು. ಚಿತ್ರ ಕಣ್ಣೆದುರಿಗಿದೆ, ಆದ್ದರಿಂದ ‘ಹುಡುಗ ಮಲಗಿದ್ದಾನೆ, ಕಪ್ಪೆ ಹೊರಗೆ ಬರ್ತಾ ಇದೆ’ ಎಂಬ ವರ್ತಮಾನ ಕಾಲದ ವರ್ಣನೆ ಸಹಜ. ಕಂಡದ್ದಕ್ಕೆ ‘ಅಂತೆ’ ಸೇರಿಸಲು ಕಾರಣವೇ ಇಲ್ಲ. ಸೇರಿಸಿದ ಮಗು ಚಿತ್ರವನ್ನು ಬಿಟ್ಟು ಕಥೆ ಹೇಳಲು ಮೊದಲುಮಾಡಿದೆ ಎಂದರ್ಥ. ಇಲ್ಲಿ ‘ಅಂತೆ’ ಬರುವುದೂ ಬಾರದಿರುವುದೂ ಮಗುವಿನ ಸಾಮರ್ಥ್ಯಕ್ಕಿಂತ, ಅದು ಆ ಕೆಲಸವನ್ನು ಏನೆಂದು ಅರ್ಥಮಾಡಿಕೊಂಡಿತು ಎಂಬುದನ್ನು ತಿಳಿಸುತ್ತದೆ. ವಸ್ತುವೂ ತಟಸ್ಥವಲ್ಲ. ಕಪ್ಪೆಯನ್ನು ಗಾಜಿನ ಭರಣಿಯಲ್ಲಿ ಸಾಕಿ, ತನ್ನದೇ ಕೋಣೆಯಲ್ಲಿ ನಾಯಿಯೊಡನೆ ಮಲಗುವ ಹುಡುಗ ಆ ಕಥೆಯ ನಾಯಕ. ಮನೆಮಂದಿಯೊಡನೆ ಒಟ್ಟಿಗೆ ಮಲಗುವ ಮಗುವಿಗೆ ಇದು ಪೀಠಿಕೆಯಲ್ಲ. ಇದನ್ನು ವಿವರಿಸಿಕೊಳ್ಳುವುದೇ ಮೊದಲ ಕೆಲಸ.

ಅಪರಿಚಿತ ಕಥೆಯನ್ನು ಮರುಹೇಳುವಾಗ ಏನಾಗ��ತ್ತದೆ ಎಂಬುದನ್ನು ಫ್ರೆಡರಿಕ್ ಬಾರ್ಟ್ಲೆಟ್ 1932ರಷ್ಟು ಹಿಂದೆಯೇ ತೋರಿಸಿದ್ದರು. ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಇಂಗ್ಲಿಷರು ಮತ್ತೆ ಮತ್ತೆ ಹೇಳುತ್ತ ಹೋದಂತೆ ಅಪರಿಚಿತ ಅಂಶಗಳು ಬಿದ್ದುಹೋದವು, ಕೆಲವು ಪರಿಚಿತ ರೂಪಕ್ಕೆ ತಿರುಗಿದವು. ವಿದ್ಯಾವಂತ ವಯಸ್ಕರಿಗೂ ಸಂಭವಿಸುವುದನ್ನು ಮಗುವಿನ ಮರುಕಥನದಲ್ಲಿ ‘ಮರೆವು’ ಎಂದು ಅಂಕ ಕಳೆಯುವುದು ನ್ಯಾಯವಲ್ಲ. ಏನನ್ನು ಬಿಟ್ಟಿತು, ಏನನ್ನು ಯಾವುದರಿಂದ ತುಂಬಿತು ಎಂಬುದೇ ಮಗುವಿನ ಸಂಸ್ಕೃತಿಯ ಅರಿವನ್ನು ಓದಲು ನಮಗಿರುವ ಉತ್ತಮ ಸಾಕ್ಷ್ಯ.

7. ತರಗತಿಯ ಕಡೆಗೆ

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಹೇಳಿಕೊಂಡವರು ಸುಮಾರು ಮೂರನೆಯ ಎರಡು ಭಾಗ. ಉಳಿದವರ ಮಕ್ಕಳೂ ಇದೇ ತರಗತಿಗಳಲ್ಲಿ ಕುಳಿತಿರುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಾಧ್ಯವಿದ್ದಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತು, ಮಾತೃಭಾಷೆ ಅಥವಾ ಸ್ಥಳೀಯ ಭಾಷೆ ಬೋಧನಾ ಮಾಧ್ಯಮವಾಗಲಿ ಎಂದು ಆಶಿಸುತ್ತದೆ. ಮಾಧ್ಯಮದ ಪ್ರಶ್ನೆ ಬಗೆಹರಿದರೂ ಕಥನದ ಪ್ರಶ್ನೆ ಉಳಿಯುತ್ತದೆ, ಏಕೆಂದರೆ ಮನೆಯ ಕನ್ನಡವೂ ಪುಸ್ತಕದ ಕನ್ನಡವೂ ಕಥೆಯನ್ನು ಒಂದೇ ಬಗೆಯಲ್ಲಿ ಕಟ್ಟುವುದಿಲ್ಲ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ಯಂತಹ ಪದ್ಧತಿಯಲ್ಲಿ ಮಕ್ಕಳು ಗುಂಪುಗಳಲ್ಲಿ ಕುಳಿತು, ತಮ್ಮ ವೇಗದಲ್ಲಿ, ಪರಸ್ಪರ ನೆರವಿನಿಂದ ಕಲಿಯುತ್ತಾರೆ. ಕಥನಕ್ಕೆ ಇಂತಹ ಏರ್ಪಾಡು ಅನುಕೂಲಕರ, ಏಕೆಂದರೆ ಕಥೆಗೆ ಹೂಂಗುಟ್ಟುವವರು ಬೇಕು. ಅಜ್ಜಿ ‘ಹೂಂ ಅನ್ನು’ ಎಂದು ಕೇಳಿ ಪಡೆಯುವ ಆ ‘ಹೂಂ’ ಕೇಳುವವರು ಎಚ್ಚರವಾಗಿದ್ದಾರೆ ಎಂಬುದಕ್ಕೆ ಮಾತ್ರ ಗುರುತಲ್ಲ. ಸರಪಳಿಯನ್ನು ಎಲ್ಲಿ ಮುಗಿಸಬೇಕೆಂದು ಹೇಳುವವರಿಗೆ ಅದು ತಾಳ ಹಾಕುತ್ತದೆ. ‘ಯಾವಾಗ?’, ‘ಎಲ್ಲಿ?’, ‘ಸರಿಯಾಗಿ ಹೇಳು’ ಎಂಬ ನಡುಮಾತುಗಳಿಗಿಂತ ‘ಹೂಂ, ಆಮೇಲೆ?’ ಎಂಬುದು ಮಗುವಿನ ಕಥೆಗೆ ಹೆಚ್ಚು ಎಡೆ ಕೊಡುತ್ತದೆ.

ಮೇಲಿನ ವಿವರಣೆಯಿಂದ ನಾಲ್ಕು ಸೂಚನೆಗಳು ಹೊರಡುತ್ತವೆ. ಒಂದು, ಕೇಳಿದ ಕಥೆ, ಚಿತ್ರ ಕಂಡು ಹೇಳುವ ಕಥೆ, ತನಗಾದ ಅನುಭವ ಈ ಮೂರನ್ನೂ ಬೇರೆಬೇರೆ ಚಟುವಟಿಕೆಗಳಾಗಿ ನಡೆಸಿ, ಒಂದರ ಅಳತೆಯಿಂದ ಇನ್ನೊಂದನ್ನು ಅಳೆಯದಿರುವುದು. ಎರಡು, ‘ಅಂತೆ’ಯನ್ನು ತಿದ್ದುವ ಬದಲು ಅದನ್ನೇ ಪಾಠವಾಗಿಸುವುದು: ಒಂದೇ ಪ್ರಸಂಗವನ್ನು ‘ಅಂತೆ’ಯೊಡನೆಯೂ ಅದಿಲ್ಲದೆಯೂ ಹೇಳಿಸಿ, ‘ಇದು ನಿನಗೆ ಹೇಗೆ ಗೊತ್ತು?’ ಎಂದು ಕೇಳುವುದು. ಮೂರು, ‘ನೀತಿ ಏನು?’ ಎಂಬುದರೊಡನೆ ‘ಯಾರು ಏನು ಮಾಡಬೇಕಿತ್ತು?’ ಎಂಬುದನ್ನೂ ಕೇಳಿ, ಭಿನ್ನ ಉತ್ತರಗಳು ಒಂದರೆದುರು ಒಂದು ನಿಲ್ಲಲು ಬಿಡುವುದು. ನಾಲ್ಕು, ಒಂದೇ ಕಥೆಯ ಎರಡು ಮನೆಗಳ ಪಾಠಗಳನ್ನು ಪಕ್ಕಪಕ್ಕದಲ್ಲಿ ಹೇಳಿಸುವುದು. ಬೇರೆಯವರ ಮನೆಯಲ್ಲಿ ಕಥೆ ಬೇರೆಯಾಗಿರಬಹುದು, ಎರಡೂ ತಪ್ಪಲ್ಲ ಎಂಬ ತಿಳಿವಳಿಕೆಯೇ ಆ ವಯಸ್ಸಿಗೆ ಒಗ್ಗುವ ಸಂಸ್ಕೃತಿಪಾಠ.

ಈ ಸೂಚನೆಗಳಿಗೆ ಒಂದು ಆಕ್ಷೇಪವಿದೆ, ಅದು ಲಘುವಾದುದಲ್ಲ. ಶಿಷ್ಟ ಬರೆಹವೇ ಉದ್ಯೋಗಕ್ಕೂ ಉನ್ನತ ಶಿಕ್ಷಣಕ್ಕೂ ದಾರಿಯಾಗಿರುವಾಗ, ಮನೆಮಾತಿನ ಕಥನವನ್ನು ಮೆಚ್ಚುವ ನೆಪದಲ್ಲಿ ಬಡ ಮಗುವಿಗೆ ಶಿಷ್ಟ ಬರೆಹವನ್ನು ಕೊಡದೆ ಉಳಿಸಿಕೊಂಡಂತೆ ಆಗದೇ? ಆಗಬಹುದು. ಆದ್ದರಿಂದಲೇ ನಮ್ಮ ವಾದ ಬದಲಿಸುವುದರ ವಿರುದ್ಧವಲ್ಲ. (1)ರಿಂದ (2)ಕ್ಕೆ ಮಗು ದಾಟಲೇಬೇಕು. ದಾಟಿದ್ದು ಎಲ್ಲಿಂದ ಎಂಬುದು ಅದಕ್ಕೂ ಅದರ ಶಿಕ್ಷಕರಿಗೂ ತಿಳಿದಿರಬೇಕೆಂಬುದಷ್ಟೇ ನಮ್ಮ ಆಗ್ರಹ.

8. ಸಮಾರೋಪ

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಗಳು 1997ರಲ್ಲಿ, ಅವರ ನಿಧನಾನಂತರ, ಇಂಗ್ಲಿಷಿನಲ್ಲಿ ಗ್ರಂಥರೂಪದಲ್ಲಿ ಬಂದವು. ಅದರಲ್ಲೊಂದು ಕಥೆ, ಒಂದು ಕಥೆಯನ್ನೂ ಒಂದು ಹಾಡನ್ನೂ ಬಲ್ಲ ಹೆಂಗಸಿನದು. ಅವಳು ಅವನ್ನು ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಗಟ್ಟಿದ ಅವು ಅವಳು ಮಲಗಿದ್ದಾಗ ಹೊರಬಿದ್ದು, ಒಂದು ಗಂಡಸಿನ ಅಂಗಿಯಾಗಿ, ಇನ್ನೊಂದು ಜೋಡುಗಳಾಗಿ ಮನೆಯಲ್ಲಿ ಕಾಣಿಸಿಕೊಂಡವು. ಗಂಡ ಅನುಮಾನಿಸಿ ಜಗಳವಾಡಿ ಮನೆಬಿಟ್ಟು ಗುಡಿಯಲ್ಲಿ ಮಲಗಿದ. ಅಲ್ಲಿ ಕೂಡಿದ್ದ ಊರಿನ ದೀಪಗಳ ಮಾತಿನಿಂದ ಅವನಿಗೆ ನಿಜ ತಿಳಿಯಿತು. ಮರಳಿ ಬಂದು ಹೆಂಡತಿಯನ್ನು ಕೇಳಿದಾಗ, ಅವಳಿಗೆ ಆ ಕಥೆಯೂ ಆ ಹಾಡೂ ಮರೆತುಹೋಗಿದ್ದವು.

ಈ ಕಥೆಯನ್ನು ಜಾನಪದ ವಿದ್ವಾಂಸರು ಹಲವು ಬಗೆಯಲ್ಲಿ ಓದಬಹುದು. ಪ್ರಾಥಮಿಕ ಶಾಲೆಯ ದೃಷ್ಟಿಯಿಂದ ನಮಗೆ ಮುಖ್ಯವೆನಿಸುವುದು ಅದರ ಕೊನೆ. ಹೇಳಲು ಎಡೆಯಿಲ್ಲದ ಕಥೆ ಮೊದಲು ಅನುಮಾನಕ್ಕೆ ಕಾರಣವಾಗುತ್ತದೆ, ಅನಂತರ ಮರೆತುಹೋಗುತ್ತದೆ. ತರಗತಿಯಲ್ಲಿ ಮೌನವಾಗಿ ಕುಳಿತ ಮಗುವಿಗೆ ‘ಭಾಷಾಸಾಮರ್ಥ್ಯ ಕಡಿಮೆ’ ಎಂದು ದಾಖಲಿಸುವ ಮೊದಲು, ಅದು ಬಲ್ಲ ಕಥೆಯನ್ನು ಅದರ ವ್ಯಾಕರಣದಲ್ಲಿ ಹೇಳಲು ಕೇಳಿದ್ದೇವೆಯೇ ಎಂದು ಪರಿಶೀಲಿಸಬೇಕು. ಇದಕ್ಕೆ ಭಾಷಾವಿಜ್ಞಾನಿಗಳು ಸಲ್ಲಿಸಬೇಕಾದ ಕೆಲಸ ಸ್ಪಷ್ಟವಿದೆ: ಕರ್ನಾಟಕದ ಬೇರೆಬೇರೆ ಪ್ರದೇಶಗಳ, ಬೇರೆಬೇರೆ ಮನೆಮಾತುಗಳ ಮಕ್ಕಳಿಂದ ಮೂರೂ ಬಗೆಯ ಕಥನಗಳನ್ನು ಸಂಗ್ರಹಿಸಿ, ಶ್ರುತಸೂಚಕ, ಕೃದಂತ ಸರಪಳಿ, ಲಿಂಗಾನ್ವಯಗಳ ದೃಷ್ಟಿಯಿಂದ ಟಿಪ್ಪಣಿಸಿದ ಪಠ್ಯಕೋಶವೊಂದನ್ನು ಕಟ್ಟುವುದು. ಮೇಲೆ ನಾವು ರಚಿಸಿಕೊಂಡ ಉದಾಹರಣೆಗಳ ಜಾಗದಲ್ಲಿ ಮಕ್ಕಳ ಮಾತೇ ಬಂದು ಕೂತಾಗ ಈ ಲೇಖನದ ಹೇಳಿಕೆಗಳಲ್ಲಿ ಕೆಲವು ನಿಲ್ಲುತ್ತವೆ, ಕೆಲವನ್ನು ತಿದ್ದಿಕೊಳ್ಳಬೇಕಾಗುತ್ತದೆ. ಆ ತಿದ್ದುಪಡಿಯನ್ನು ಮಕ್ಕಳಿಂದಲೇ ಪಡೆಯಲು ನಾವು ಸಿದ್ಧರಿರಬೇಕು.